ಕಾನ್ಫರೆನ್ಸ್‌ಗೆ ಕಳಿಸಲು ಮ್ಯಾನೇಜರನ್ನು ಒಪ್ಪಿಸುವುದು ಹೇಗೆ?

ಶಿರಸಿಯ ಸಹಕಾರಿ ಸಂಘವೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೀರಿ. ಮಾರ್ಚ್‌ನಲ್ಲಿ ಬೆಂಗಳೂರಿನ ಕಾನ್ಫರೆನ್ಸ್‌ಗೆ ಹೋಗಬೇಕು ಅಂತಿದ್ದೀರಿ, ಮ್ಯಾನೇಜರ್ ಬೇಡ ಅನ್ನುತ್ತಿದ್ದಾರೆ. ಅದರಿಂದ ನಿಮಗಾಗುವ ಲಾಭವನ್ನು ಮ್ಯಾನೇಜರ್‌ಗೆ ಇನ್ನೂ ಚೆನ್ನಾಗಿ ಹೇಗೆ ವಿವರಿಸಲಿ ಎಂದು ಕೇಳಿದ್ದೀರಿ. ವಿವರಿಸಬೇಡಿ. ನಾನು ಚೆನ್ನಾಗಿ ವಿವರಿಸಿಯೇ ಅವಕಾಶ ಕಳೆದುಕೊಂಡೆ.

ನಾನು ಆಗ ಕಾರವಾರದ ಹತ್ತಿರ ಮೀನು ರಫ್ತು ಮಾಡುವ ಒಂದು ಘಟಕದ ಲ್ಯಾಬ್‌ನಲ್ಲಿದ್ದೆ. ಬೈತಖೋಲ್, ಬೇಲೆಕೇರಿ, ತದಡಿ ಬಂದರುಗಳಿಂದ ನಮಗೆ ಬಂಗಡೆ ಬರುತ್ತಿತ್ತು. ಬಂಗಡೆಯ ದೊಡ್ಡ ತಲೆನೋವು ಹಿಸ್ಟಮಿನ್, ಹೆಚ್ಚಾದರೆ ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ವಸ್ತು. ಬಲೆಯಿಂದ ಮೇಲೆ ಬಂದ ಮೀನಿಗೆ ಐಸ್ ಬೀಳುವುದು ತಡವಾದರೆ, ಅದರ ಮಾಂಸದಲ್ಲಿರುವ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲವನ್ನು ಬ್ಯಾಕ್ಟೀರಿಯಾಗಳು ಹಿಸ್ಟಮಿನ್ ಮಾಡಿಬಿಡುತ್ತವೆ. ಒಮ್ಮೆ ಆಯ್ತು ಅಂದರೆ ಮುಗಿಯಿತು. ಫ್ರೀಜ್ ಮಾಡಿದರೂ ಹೋಗುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. ಮೂಗಿಗೆ ಗೊತ್ತಾಗುತ್ತದೆ ಅಂತ ನಂಬುವ ಹಾಗೂ ಇಲ್ಲ. ಯುರೋಪಿಗೆ ಹೋಗುವ ಮಾಲಾದರೆ ಒಂದು ಲಾಟ್‌ನಿಂದ 9 ಸ್ಯಾಂಪಲ್ ತೆಗೆಯಬೇಕು. ಸರಾಸರಿ ಕಿಲೋಗೆ 100 ಮಿಲಿಗ್ರಾಂ ದಾಟಬಾರದು. ಹೆಚ್ಚೆಂದರೆ 2 ಸ್ಯಾಂಪಲ್ 100ರಿಂದ 200ರ ಮಧ್ಯೆ ಇರಬಹುದು, 200 ಮಾತ್ರ ಒಂದೂ ದಾಟುವಂತಿಲ್ಲ. ಈ ಪರೀಕ್ಷೆ ಮಾಡುವ ಸೌಕರ್ಯ ನಮ್ಮಲ್ಲಿ ಇರಲಿಲ್ಲ. ಸ್ಯಾಂಪಲ್ ಹೊರಗೆ ಕಳಿಸುತ್ತಿದ್ದೆವು. ವರದಿ ಬರುವ ತನಕ ಇಡೀ ಲಾಟ್ ಕೋಲ್ಡ್ ಸ್ಟೋರೇಜ್‌ನಲ್ಲಿ ಬಿದ್ದಿರುತ್ತಿತ್ತು.

ಆ ವರ್ಷ ಕೊಚ್ಚಿಯಲ್ಲಿ ಮೀನು ತಂತ್ರಜ್ಞಾನದ ಒಂದು ಕಾನ್ಫರೆನ್ಸ್ ಇತ್ತು. ನಮ್ಮ ಕೆಲಸದವರಿಗೆ ಕೊಚ್ಚಿ ದೊಡ್ಡ ಜಾಗ. 1957ರಲ್ಲಿ ಶುರುವಾದ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಅಲ್ಲಿದೆ. ಸಮುದ್ರ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಎಂಪೀಡಾದ ಮುಖ್ಯ ಕಚೇರಿಯೂ ಅಲ್ಲೇ. ಕಾರ್ಯಕ್ರಮ ಪಟ್ಟಿಯಲ್ಲಿ ಹಿಸ್ಟಮಿನ್ ಬೇಗ ಪತ್ತೆ ಮಾಡುವ ಕಿಟ್‌ಗಳ ಬಗ್ಗೆಯೇ ಒಂದು ಗೋಷ್ಠಿ ಇತ್ತು. ನನಗೆ ಬೇಕಾದದ್ದು ಅದೇ. ರಾತ್ರಿ ಕೂತು ಇಂಗ್ಲಿಷ್‌ನಲ್ಲಿ ಉದ್ದದ ಪತ್ರ ಬರೆದೆ. ಯಾವ ಯಾವ ವಿಜ್ಞಾನಿಗಳು ಬರುತ್ತಾರೆ, ನಾನು ಏನೆಲ್ಲ ಕಲಿಯುತ್ತೇನೆ, ಎಷ್ಟು ಜನರ ಪರಿಚಯವಾಗುತ್ತದೆ, ನನ್ನ ವೃತ್ತಿಗೆ ಅದು ಎಷ್ಟು ಮುಖ್ಯ, ಎಲ್ಲ ಬರೆದೆ. ಮ್ಯಾನೇಜರ್ ಓದಿದರು. ಒಳ್ಳೆಯದು, ನೋಡೋಣ ಅಂದರು. ಕಡಿಮೆ ಶುಲ್ಕದ ನೋಂದಣಿ ದಿನ ದಾಟಿತು. ಆಮೇಲೆ ಕೇಳಿದಾಗ ಈಗ ಆಗುವುದಿಲ್ಲ ಅಂದರು. ನನಗೆ ಬಹಳ ಬೇಜಾರಾಯಿತು. ಈ ಮನುಷ್ಯನಿಗೆ ಗುಣಮಟ್ಟದ ಬೆಲೆಯೇ ಗೊತ್ತಿಲ್ಲ ಅಂತ ತೀರ್ಮಾನ ಮಾಡಿಬಿಟ್ಟೆ.

ಅದು ಅನ್ಯಾಯದ ತೀರ್ಮಾನ. ಎಲ್ಲಿ ತಪ್ಪಿದೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ.

ಆ ಪತ್ರವನ್ನು ನಾನು ಮ್ಯಾನೇಜರ್‌ಗೆ ಅಂತ ಬರೆದಿದ್ದೆ. ಅವರು ಹೂಂ ಅಂದರೆ ಕೆಲಸ ಆಯ್ತು ಅಂದುಕೊಂಡಿದ್ದೆ. ನಿಜವಾಗಿ ಖರ್ಚಿಗೆ ಹೂಂ ಅನ್ನುವವರು ಅವರಲ್ಲ, ಮಾಲೀಕರು. ಮಾಲೀಕರು ಬೇರೆ ಊರಲ್ಲಿದ್ದರು, ದಿನಾ ಸಂಜೆ ಫೋನಿನಲ್ಲಿ ಸಿಗುತ್ತಿದ್ದರು. ಆ ಫೋನಿನಲ್ಲಿ ಐಸ್, ಡೀಸೆಲ್, ಕಂಟೇನರ್, ಕೂಲಿ, ಎಲ್ಲ ಮುಗಿದ ಮೇಲೆ ಕೊನೆಯ ಎರಡು ನಿಮಿಷದಲ್ಲಿ ನನ್ನ ಮಾತು ಬರಬೇಕು. ಅಲ್ಲಿ ನಾನು ಇರುವುದಿಲ್ಲ. ನನ್ನ ಪರವಾಗಿ ಮ್ಯಾನೇಜರ್ ಮಾತಾಡಬೇಕು. ಅವರ ಕೈಗೆ ನಾನು ಕೊಟ್ಟಿದ್ದೇನು? ನನ್ನ ವೃತ್ತಿ, ನನ್ನ ಕಲಿಕೆ, ನನ್ನ ಪರಿಚಯ. ಹಿಸ್ಟಮಿನ್ ಅನ್ನುವ ಮಾತು ಎರಡನೇ ಪುಟದಲ್ಲಿತ್ತು. ಒಟ್ಟು ಖರ್ಚು ಎಷ್ಟು ಅಂತ ಎಲ್ಲೂ ಇರಲಿಲ್ಲ, ನೋಂದಣಿ ಶುಲ್ಕ ಮಾತ್ರ ಇತ್ತು. ನಾನಿಲ್ಲದಾಗ ಲ್ಯಾಬ್ ಏನಾಗುತ್ತದೆ ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಅದೂ ಯಾವಾಗ ಕೇಳಿದ್ದು? ಅಕ್ಟೋಬರ್‌ನಲ್ಲಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್‌ನಲ್ಲಿ ಶುರುವಾದ ಓಡಾಟ ಅಕ್ಟೋಬರ್ ಹೊತ್ತಿಗೆ ಜೋರಾಗಿರುತ್ತದೆ. ದೊಡ್ಡ ಸುತ್ತುಬಲೆ ಹಾಕುವ ಪರ್ಸಿನ್ ಬೋಟುಗಳು ಬಂಗಡೆ ತುಂಬಿಕೊಂಡು ಬರುವ ಕಾಲ ಅದು. ಆ ಹೊತ್ತಿನಲ್ಲಿ ಲ್ಯಾಬ್ ಬಿಟ್ಟು ಹೋಗುತ್ತೇನೆ ಅಂದರೆ, ಗದ್ದೆ ಕೊಯ್ಲಿನ ದಿನ ನೆಂಟರ ಮನೆಗೆ ಹೊರಟ ಹಾಗೆ.

ಇದೆಲ್ಲ ನನಗೆ ಹೊಳೆದದ್ದು ಮುಂದಿನ ಮಳೆಗಾಲದಲ್ಲಿ, ಮ್ಯಾನೇಜರ್ ಬಾಯಿಂದಲೇ. ಬೋಟುಗಳೆಲ್ಲ ದಡ ಸೇರಿದ್ದವು, ಮಾತಾಡಲು ಪುರುಸೊತ್ತಿತ್ತು. ಅವರೇ ಹೇಳಿದರು: “ನಿನ್ನನ್ನು ಕಳಿಸಬಾರದು ಅಂತ ನನಗೇನೂ ಇರಲಿಲ್ಲ. ಲ್ಯಾಬ್ ವರದಿಗೆ ಸಹಿ ಯಾರು ಹಾಕ್ತಾರೆ ಅಂತ ಸಾಹುಕಾರರು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.” ಉತ್ತರ ನನ್ನ ಹತ್ತಿರ ಇತ್ತು! ಲ್ಯಾಬ್‌ನ ಇನ್ನೊಬ್ಬ ಸಹೋದ್ಯೋಗಿ ಎಲ್ಲ ಪರೀಕ್ಷೆಗಳನ್ನೂ ಮಾಡಬಲ್ಲವರಾಗಿದ್ದರು. ಸಹಿಯ ಅಧಿಕಾರವನ್ನು ಅವರ ಹೆಸರಿಗೂ ಮಾಡಿಸಿಕೊಳ್ಳಬಹುದಿತ್ತು. ಅದನ್ನು ಪತ್ರದಲ್ಲಿ ಬರೆಯಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ಆ ಮಾತಾದ ಮೇಲೆ ಪತ್ರ ಬರೆಯುವುದನ್ನೇ ಬಿಟ್ಟೆ. ಮುಂದೆ ಕೊಚ್ಚಿಯಲ್ಲೇ ಇನ್ನೊಂದು ಕಾರ್ಯಕ್ರಮ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಬಿತ್ತು. ಹಿಂದಿನದರಷ್ಟು ದೊಡ್ಡದಲ್ಲ, ಆದರೆ ಹಿಸ್ಟಮಿನ್ ಕಿಟ್‌ಗಳನ್ನು ಕೈಯಾರೆ ಮಾಡಿ ನೋಡುವ ತರಬೇತಿ ಅದರಲ್ಲಿತ್ತು. ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಐದಾರು ಸಾಲು ಕಳಿಸಿದೆ. ಅವರು ಒಂದಕ್ಷರ ಬದಲಿಸದೆ ಮಾಲೀಕರಿಗೆ ಮುಂದೆ ಕಳಿಸುವ ಹಾಗಿರಬೇಕು ಅನ್ನುವುದೊಂದೇ ನನ್ನ ಲೆಕ್ಕ. ಮೊದಲ ಸಾಲಿನಲ್ಲಿ, ಕಳೆದ ಸೀಸನ್‌ನಲ್ಲಿ ಹಿಸ್ಟಮಿನ್ ವರದಿಗಾಗಿ ಎಷ್ಟು ಲಾಟ್ ಎಷ್ಟು ದಿನ ಕಾದವು, ಅದರ ಸ್ಟೋರೇಜ್ ಖರ್ಚೆಷ್ಟು ಅಂತ. ಆಮೇಲೆ ನಾನಿಲ್ಲದ ದಿನಗಳಲ್ಲಿ ಯಾರು ಏನು ನೋಡಿಕೊಳ್ಳುತ್ತಾರೆ ಅಂತ, ಅವರನ್ನು ಕೇಳಿಯೇ ಹೆಸರು ಹಾಕಿ. ಆಮೇಲೆ ಒಟ್ಟು ಖರ್ಚು: ನೋಂದಣಿ, ಕಾರವಾರದಿಂದ ಎರ್ನಾಕುಲಂಗೆ ನೇತ್ರಾವತಿ ಎಕ್ಸ್‌ಪ್ರೆಸ್ ಟಿಕೆಟ್, ರೂಮು, ಊಟ, ಆಟೋ, ಕೊನೆಯಲ್ಲಿ ಒಂದೇ ಮೊತ್ತ. ಬಂದ ಮೇಲೆ ಯಾವ ಕಿಟ್ ತಗೊಳ್ಳಬೇಕು ಅಂತ ಬೆಲೆ ಸಮೇತ ಬರೆದುಕೊಡುತ್ತೇನೆ ಅಂತ. ಕಡಿಮೆ ಶುಲ್ಕದ ಕೊನೆಯ ದಿನ ಇಂಥದ್ದು, ಅದಕ್ಕೆ ಮೊದಲು ಹೇಳಿ ಅಂತ. ನನಗೇನು ಲಾಭ ಅಂತ ಒಂದು ಪದವೂ ಇರಲಿಲ್ಲ. ಮಾರನೇ ದಿನ ಬೆಳಿಗ್ಗೆ ಹೋಗಿ ಬಾ ಅಂದರು.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮೊದಲನೆಯದಾಗಿ, ಮಾರ್ಚ್ ಯಾಕೆ? ಸಹಕಾರಿ ಸಂಘದ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಸಾಫ್ಟ್‌ವೇರ್ ಒಂದು ಗಂಟೆ ನಿಂತರೂ ಎಲ್ಲರೂ ನಿಮ್ಮ ಮೇಜಿನ ಮುಂದೆ ನಿಂತಿರುತ್ತಾರೆ ಅಲ್ವಾ? ಅಡಿಕೆ ವ್ಯಾಪಾರವೂ ನಡೆಯುತ್ತಿರುತ್ತದೆ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಶಿರಸಿಯಲ್ಲಿ ರಜೆ ಹೊಂದಿಸುವುದೇ ಒಂದು ಕೆಲಸ. ನಿಮ್ಮ ಮ್ಯಾನೇಜರ್ ಬೇಡ ಅನ್ನುತ್ತಿರುವುದು ಕಾನ್ಫರೆನ್ಸ್‌ಗಲ್ಲ, ಮಾರ್ಚ್‌ಗೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದೇ ವಿಷಯದ ಕಾರ್ಯಕ್ರಮ ಜೂನ್‌ನಿಂದ ಆಚೆಗೆ ಎಲ್ಲಾದರೂ ಇದೆಯಾ ಹುಡುಕಿ. ಬೆಂಗಳೂರೇ ಆಗಬೇಕಿಲ್ಲ. ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಇದ್ದರೆ ಖರ್ಚೂ ಕಡಿಮೆ, ದಿನವೂ ಕಡಿಮೆ.

ಅರ್ಧ ಖರ್ಚು ನಾನೇ ಹಾಕಿಕೊಳ್ಳುತ್ತೇನೆ ಅಂತ ಹೇಳಲಾ ಎಂದೂ ಕೇಳಿದ್ದೀರಿ. ದಯವಿಟ್ಟು ಬೇಡ. ಹಾಗೆ ಸಲಹೆ ಕೊಡುವವರು ಬಹಳ ಜನ ಇದ್ದಾರೆ, ನಾನು ಒಪ್ಪುವುದಿಲ್ಲ. ನೀವು ದುಡ್ಡು ಹಾಕಿದ ಕ್ಷಣವೇ ಅದು ಸಂಘದ ಕೆಲಸ ಅಲ್ಲ, ನಿಮ್ಮ ಸ್ವಂತ ಆಸೆ ಅಂತಾಗುತ್ತದೆ. ಮುಂದಿನ ಸಲ ನಿಮ್ಮ ಕೈಕೆಳಗಿನವರು ಕೇಳಿದರೆ ಅವರೂ ಹಾಕಬೇಕಾಗುತ್ತದೆ. ಕಡಿಮೆ ಸಂಬಳದವರು ಆಮೇಲೆ ಕೇಳುವುದೇ ಇಲ್ಲ. ಖರ್ಚು ಇಳಿಸಬೇಕು ಅಂದರೆ ಬೇರೆ ದಾರಿ ಇದೆ. ನಿಮ್ಮ ಕೆಲಸದ ಬಗ್ಗೆಯೇ ಮಾತಾಡಲು ಅರ್ಜಿ ಹಾಕಿ. ಅನೇಕ ಕಾನ್ಫರೆನ್ಸ್‌ಗಳಲ್ಲಿ ಮಾತಾಡುವವರಿಗೆ ಶುಲ್ಕ ಇರುವುದಿಲ್ಲ, ಅಥವಾ ಕಡಿಮೆ ಇರುತ್ತದೆ. ಹಳ್ಳಿಯ ಶಾಖೆಗಳಲ್ಲಿ ಕರೆಂಟು, ನೆಟ್‌ವರ್ಕು ಕೈಕೊಟ್ಟಾಗಲೂ ಲೆಕ್ಕ ತಪ್ಪದ ಹಾಗೆ ನೋಡಿಕೊಂಡಿದ್ದೇವೆ ಅಂತ ಬರೆದಿದ್ದೀರಲ್ಲ, ಅದನ್ನು ಕೇಳಲು ಜನ ಖಂಡಿತ ಕೂರುತ್ತಾರೆ. ಸಂಘದ ಮಾಹಿತಿ ಬಳಸುವುದಕ್ಕೆ ಮೊದಲೇ ಒಪ್ಪಿಗೆ ತಗೊಳ್ಳಿ. ಮ್ಯಾನೇಜರ್ ಖುಷಿಯಾಗಲಿ ಅಂತ, ಅವರು ಮಾಡದ ಕೆಲಸಕ್ಕೆ ಅವರ ಹೆಸರು ಸೇರಿಸಬೇಡಿ. ನೋಂದಣಿ ಬಿಲ್ ಸಂಘದ ಹೆಸರಿನಲ್ಲಿ, ಜಿಎಸ್‌ಟಿ ನಂಬರ್ ಸಮೇತ ಮಾಡಿಸಿ. ಆ ತೆರಿಗೆ ಹೊಂದಿಸಿಕೊಳ್ಳಲು ಬರುತ್ತದಾ ಅಂತ ನಿಮ್ಮ ಲೆಕ್ಕದವರನ್ನು ಕೇಳಿ, ಬಂದರೆ ಅದನ್ನೂ ಒಂದು ಸಾಲು ಸೇರಿಸಿ.

ಇನ್ನು ನಿಮ್ಮಲ್ಲಿ ಮ್ಯಾನೇಜರ್ ಮೇಲೆ ಆಡಳಿತ ಮಂಡಳಿ ಇರುತ್ತದೆ. ಅಲ್ಲಿ ಕೂರುವವರು ಹೆಚ್ಚಾಗಿ ತೋಟದವರು. ಸೈಬರ್ ಸೆಕ್ಯೂರಿಟಿ ಗೋಷ್ಠಿ ಅಂದರೆ ಅವರು ಸುಮ್ನೆ ಪುಟ ತಿರುಗಿಸುತ್ತಾರೆ. ಸದಸ್ಯರ ಖಾತೆಯಿಂದ ಮೋಸದಿಂದ ದುಡ್ಡು ಹೋದರೆ ನಾವು ಮೊದಲ ಗಂಟೆಯಲ್ಲಿ ಏನು ಮಾಡಬೇಕು ಅನ್ನುವುದಕ್ಕೆ ಈಗ ನಮ್ಮ ಹತ್ತಿರ ಲಿಖಿತ ಕ್ರಮ ಇಲ್ಲ, ಅದನ್ನು ಮಾಡಿಕೊಂಡು ಬರುತ್ತೇನೆ ಅಂತ ಬರೆಯಿರಿ. ಅದು ಎಲ್ಲರಿಗೂ ಅರ್ಥವಾಗುತ್ತದೆ. ಸಭೆ ಯಾವ ದಿನ ಅಂತ ತಿಳಿದುಕೊಂಡು, ಅದಕ್ಕೆ ಒಂದು ವಾರ ಮೊದಲು ಮ್ಯಾನೇಜರ್ ಕೈಗೆ ಕೊಡಿ.

ಕಾರ್ಯಕ್ರಮ ಪಟ್ಟಿ ಇನ್ನೂ ಬಂದಿಲ್ಲ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಈಗ ಮತ್ತೆ ಕೇಳಲೇಬೇಡಿ. ಪಟ್ಟಿ ಬರಲಿ. ನಿಮ್ಮ ಸಂಘಕ್ಕೆ ಬೇಕಾದ ಎರಡು ಗೋಷ್ಠಿಗಳು ಅದರಲ್ಲಿ ಸಿಗದಿದ್ದರೆ ಆ ಕಾನ್ಫರೆನ್ಸ್ ಬಿಟ್ಟುಬಿಡಿ, ಬೇರೆಯದಕ್ಕೆ ಕೇಳಿ.