ಮಾರ್ಗರೆಟ್ ಟ್ರೂಡೊ: ಸೇವೆ ಮತ್ತು ಸಂಭಾವನೆ

ಪ್ರಶ್ನೆ: ಕೆನಡಾದ ಪ್ರಧಾನಿಯಾಗಿದ್ದ ಪಿಯರ್ ಟ್ರೂಡೊ ಅವರ ವಿಚ್ಛೇದಿತ ಪತ್ನಿ ಮಾರ್ಗರೆಟ್ ಟ್ರೂಡೊ ಅವರನ್ನು ಸಮಾಜಸೇವಕಿ ಎನ್ನುತ್ತಾರೆ. ಆದರೆ ದತ್ತಿ ಸಂಸ್ಥೆಯ ಸಭೆಗಳಲ್ಲಿ ಮಾತನಾಡಲು ಅವರು ಹಣ ಪಡೆದರೆಂದು ಓದಿದೆ. ಹಾಗಾದರೆ ಅವರು ಮಾಡಿದ ಸೇವೆಯಾದರೂ ಏನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನೀವು ಓದಿದ್ದು ನಿಜ. ‘ವಿ ಚಾರಿಟಿ’ ಬಳಗದ 28 ಕಾರ್ಯಕ್ರಮಗಳಲ್ಲಿ ಮಾತನಾಡಿದ್ದಕ್ಕೆ 2016ರಿಂದ 2020ರವರೆಗೆ ಅವರಿಗೆ ಸುಮಾರು ಎರಡೂವರೆ ಲಕ್ಷ ಕೆನಡಾ ಡಾಲರ್ ಸಂದಾಯವಾಗಿತ್ತು. ಆಗ ಪ್ರಧಾನಿಯಾಗಿದ್ದವರು ಅವರ ಮಗ ಜಸ್ಟಿನ್. ಅವರ ಸರ್ಕಾರವೇ ಅದೇ ಸಂಸ್ಥೆಗೆ ವಿದ್ಯಾರ್ಥಿಗಳ ಯೋಜನೆಯೊಂದನ್ನು ವಹಿಸಿದ್ದರಿಂದ 2020ರಲ್ಲಿ ದೊಡ್ಡ ಗದ್ದಲವೆದ್ದಿತು. ಮಗ ನಿಯಮ ಮುರಿದಿಲ್ಲವೆಂದು, ಜನಪ್ರತಿನಿಧಿಗಳ ನಡತೆಯನ್ನು ಪರಿಶೀಲಿಸುವ ನೀತಿ ಆಯುಕ್ತರು ಮರುವರ್ಷ ವರದಿ ಕೊಟ್ಟರು.

ಆದರೆ ಅವರು ಆ ಸಭೆಗಳಿಗೆ ಹೊತ್ತೊಯ್ಯುತ್ತಿದ್ದ ಮಾತು ಎಲ್ಲಿಂದ ಬಂತೆಂಬುದನ್ನೂ ನೋಡಬೇಕು. 1971ರ ಮಾರ್ಚ್‌ನಲ್ಲಿ ಮದುವೆಯಾದಾಗ ಮಾರ್ಗರೆಟ್‌ಗೆ 22 ವರ್ಷ, ಅಧಿಕಾರದಲ್ಲಿದ್ದ ಪಿಯರ್‌ಗೆ 51. ಎರಡನೆಯ ಮಗು ಹುಟ್ಟಿದ ಮೇಲೆ ಬಾಣಂತಿಯನ್ನು ಖಿನ್ನತೆ ಹಿಡಿಯಿತು. (ನಮ್ಮಲ್ಲಾದರೆ ದೃಷ್ಟಿ ತಾಕಿದೆಯೆಂದು ನೀವಾಳಿಸಿ ಸುಮ್ಮನಾಗುತ್ತಿದ್ದರೇನೋ.) 1974ರಲ್ಲಿ ಮಾಂಟ್ರಿಯಲ್‌ನ ಆಸ್ಪತ್ರೆಗೆ ಸೇರಿದಾಗ, ತಾನು ಪಡೆಯುತ್ತಿರುವುದು ಮನೋವೈದ್ಯರ ಚಿಕಿತ್ಸೆಯೆಂದು ಅವರು ಪತ್ರಕರ್ತರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು. ಪ್ರಧಾನಿಯ ಮನೆಯೊಡತಿ ಹಾಗೆ ಹೇಳಿಕೊಳ್ಳುವ ಕಾಲ ಅದಾಗಿರಲಿಲ್ಲ. 1977ರಲ್ಲಿ ದಂಪತಿ ಬೇರೆಯಾದರು. 1984ರಲ್ಲಿ ವಿಚ್ಛೇದನವಾಯಿತು, ಅದೇ ವರ್ಷ ಅವರು ಮರುಮದುವೆಯಾದರು. ಈ ನಡುವೆ ಪತ್ರಿಕೆಗಳು ಅವರ ಕುಣಿತ, ಕೂಟಗಳ ಸುದ್ದಿಯನ್ನು ಚಪ್ಪರಿಸಿದ್ದೇ ಹೆಚ್ಚು.

1998ರ ನವೆಂಬರ್‌ನಲ್ಲಿ, ಬ್ರಿಟಿಷ್ ಕೊಲಂಬಿಯಾದ ಹಿಮಬೆಟ್ಟಗಳಲ್ಲಿ ಸ್ಕೀಯಿಂಗ್ ಹೋಗಿದ್ದ ಮೂರನೆಯ ಮಗ ಮಿಷೆಲ್, ಕುಸಿದ ಹಿಮರಾಶಿಯೊಡನೆ ಕೊಕನೀ ಸರೋವರದೊಳಕ್ಕೆ ಕೊಚ್ಚಿಹೋದರು. ವಯಸ್ಸು 23, ಶವವೂ ಸಿಗಲಿಲ್ಲ. 2000ದಲ್ಲಿ ಪಿಯರ್ ಕೂಡ ತೀರಿಕೊಂಡರು. ಕುಸಿದುಹೋದ ಮಾರ್ಗರೆಟ್ ಚಿಕಿತ್ಸೆಯಿಂದ ಚೇತರಿಸಿಕೊಂಡು, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಕಾಡುವ ಬೈಪೋಲಾರ್ ಕಾಯಿಲೆ ತನಗಿದೆಯೆಂದು 2006ರಲ್ಲಿ ಬಹಿರಂಗವಾಗಿ ಹೇಳಿದರು. ಆಮೇಲೆ ಊರೂರು ಸುತ್ತಿ ಹೇಳಿದ್ದು ಇದನ್ನೇ: ಇದು ಕಾಯಿಲೆ, ಗುಣದೋಷವಲ್ಲ; ಔಷಧವಿದೆ, ನಾಚದೆ ವೈದ್ಯರ ಬಳಿ ಹೋಗಿ. ನನ್ನ ಮಟ್ಟಿಗೆ ಅವರ ದೊಡ್ಡ ಸೇವೆ ಇದೇ.

ಇದಲ್ಲದೆ, ಪೂರ್ವ ಆಫ್ರಿಕಾದ ದೇಶಗಳಲ್ಲಿ ಕುಡಿಯುವ ನೀರು ಮತ್ತು ಶೌಚಾಲಯಗಳಿಗಾಗಿ ದುಡಿಯುವ, ಒಟ್ಟಾವದ ‘ವಾಟರ್‌ಕ್ಯಾನ್’ ಸಂಸ್ಥೆಗೆ ಅವರು ಗೌರವಾಧ್ಯಕ್ಷೆಯಾಗಿದ್ದರು. ಅದೇ ಸಂಸ್ಥೆ ಈಗ ‘ವಾಟರ್‌ಏಡ್ ಕೆನಡಾ’ ಆಗಿದೆ.

ಇನ್ನು ಹಣದ ಮಾತು. ಹರಿಕಥೆಯ ದಾಸರೂ ಸಂಭಾವನೆ ಪಡೆಯುತ್ತಾರೆ. ಅಷ್ಟಕ್ಕೇ ಕಥೆ ಸುಳ್ಳಾಗುವುದಿಲ್ಲ. ಹಾಗಾಗಿ ಭಾಷಣಕ್ಕೆ ಹಣ ಪಡೆದದ್ದನ್ನು ನಾನು ತಪ್ಪೆನ್ನಲಾರೆ. ಮಗ ಪ್ರಧಾನಿಯಾಗಿರುವಾಗ, ಸರ್ಕಾರದೊಡನೆ ವ್ಯವಹರಿಸುವ ಸಂಸ್ಥೆಯಿಂದ ಪಡೆದದ್ದು ಮಾತ್ರ ಸರಿ ಕಾಣುವುದಿಲ್ಲ.