ರಾಜ ಕುದುರೆಯಂತೆ ಹಾರಿದ್ದಕ್ಕೆ ನಕ್ಕ ಹುಡುಗ

ಪ್ರಶ್ನೆ: ನನಗೆ 47. ದಾವಣಗೆರೆ ಮಂಡಿಪೇಟೆಯಲ್ಲಿ ಅಂಗಡಿ. ಚಿಕ್ಕವನಿದ್ದಾಗ ಅಜ್ಜ ಚದುರಂಗ ಕಲಿಸಿದ್ದರು, ಆಮೇಲೆ ಮುಟ್ಟಿರಲಿಲ್ಲ. ಎರಡು ವರ್ಷದಿಂದ ಮತ್ತೆ ಹುಚ್ಚು ಹತ್ತಿದೆ. ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದು ಮೊಬೈಲಿನಲ್ಲಿ ಹನ್ನೆರಡರ ತನಕ ಆಡುತ್ತೇನೆ, ಓಪನಿಂಗ್ (ಆಟದ ಮೊದಲ ನಡೆಗಳು) ವಿಡಿಯೋ ನೋಡುತ್ತೇನೆ. ಹೋದ ತಿಂಗಳು ಒಂದು ಟೂರ್ನಮೆಂಟಿಗೆ ಹೋದರೆ, ಕುರ್ಚಿ ಮೇಲೆ ಮಂಡಿಯೂರಿ ಕೂತ ನಾಲ್ಕನೇ ಕ್ಲಾಸಿನ ಹುಡುಗ ನನ್ನ ಮಂತ್ರಿಯನ್ನು ಪುಕ್ಕಟೆ ಎತ್ತಿಕೊಂಡ. ಸಾಲದ್ದಕ್ಕೆ ನಾನು ರಾಜನನ್ನು ಕುದುರೆಯಂತೆ ಹಾರಿಸಿದೆ, ಅಜ್ಜ ಹಾಗೇ ಹೇಳಿಕೊಟ್ಟಿದ್ದರು. ಆರ್ಬಿಟರ್, ಅಂದರೆ ತೀರ್ಪುಗಾರರು, ಬಂದು ತಪ್ಪು ಎಂದರು, ಹುಡುಗ ಕಿಸಕ್ಕನೆ ನಕ್ಕ. ಈ ವಯಸ್ಸಿನಲ್ಲಿ ಸೀರಿಯಸ್ಸಾಗಿ ಕಲಿಯಲು ಆಗುತ್ತಾ? ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕ, ಅದರ ಆಸೆ ಇಟ್ಟುಕೊಳ್ಳಬಹುದಾ?

ಉತ್ತರ: ಮೊದಲು ನಿಮ್ಮ ಅಜ್ಜನ ಮಾನ ಉಳಿಸೋಣ. ಅವರು ತಪ್ಪು ಕಲಿಸಿಲ್ಲ ಸ್ವಾಮಿ. ನಮ್ಮ ಹಳೇ ಆಟದಲ್ಲಿ ರಾಜನಿಗೆ ಒಂದು ಸಲ ಕುದುರೆ ನಡೆ ಇತ್ತು, ಪದಾತಿಗೆ ಮೊದಲ ಸಲವೂ ಒಂದೇ ಮನೆ. ಫಿಡೆ, ಅಂದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ ನಿಯಮದಲ್ಲಿ ಅದೆಲ್ಲ ಇಲ್ಲ, ಅದರ ಬದಲು ರಾಜ ಮತ್ತು ಆನೆ ಒಂದೇ ನಡೆಯಲ್ಲಿ ಒಟ್ಟಿಗೆ ಸರಿಯುವ ಕ್ಯಾಸ್ಲಿಂಗ್ ಇದೆ. ಗಡಿಯಾರ ಇಟ್ಟು ಆಡುವ ದೊಡ್ಡ ಆಟದಲ್ಲಿ ಇಂಥ ತಪ್ಪು ನಡೆ ಮಾಡಿದರೆ ಎದುರಾಳಿಗೆ 2 ನಿಮಿಷ ಜಾಸ್ತಿ ಸಿಗುತ್ತದೆ, ಎರಡನೇ ಸಲ ಮಾಡಿದರೆ ಆಟವೇ ಹೋಯಿತು.

ಇನ್ನು ವಯಸ್ಸು. ವಿಶ್ವನಾಥನ್ ಆನಂದ್ 2017ರಲ್ಲಿ 48ನೇ ವಯಸ್ಸಿಗೆ ವಿಶ್ವ ರ್‍ಯಾಪಿಡ್ (ವೇಗದ ಚೆಸ್) ಪಟ್ಟ ಗೆದ್ದರಲ್ಲ ಎಂದು ಯಾರಾದರೂ ಹುರಿದುಂಬಿಸಿದರೆ ಉಬ್ಬಬೇಡಿ, ಅವರು ಆರನೇ ವಯಸ್ಸಿಗೆ ಕಲಿತವರು, ನಾವು ಅಂಗಡಿ ಬಾಗಿಲು ಹಾಕಿ ಕಲಿಯುವವರು. ಗ್ರ್ಯಾಂಡ್‌ಮಾಸ್ಟರ್ ಆಗುವುದು ಬಿಡಿ. ಆದರೆ ಆ ಹುಡುಗನನ್ನು ಸೋಲಿಸುವಷ್ಟು ಖಂಡಿತ ಆಗುತ್ತದೆ. ನಾನೂ ಚಿತ್ರದುರ್ಗದಲ್ಲಿ 41ಕ್ಕೆ ಶುರು ಮಾಡಿದವನು.

ನಿಮ್ಮ ಪತ್ರದಲ್ಲೇ ಕಾಯಿಲೆ ಇದೆ: ಮಂತ್ರಿ ಪುಕ್ಕಟೆ ಹೋಯಿತು. ಇದು ಓಪನಿಂಗ್ ಗೊತ್ತಿಲ್ಲದ್ದಕ್ಕಲ್ಲ, ಎದುರಿನವನ ನಡೆ ನೋಡದೇ ಇದ್ದದ್ದಕ್ಕೆ. ರಾತ್ರಿ ಹನ್ನೆರಡಕ್ಕೆ ಮೂರು ನಿಮಿಷದ ಆಟ ಆಡಿದರೆ ಕೈ ಮಾತ್ರ ಚುರುಕಾಗುತ್ತದೆ, ಕಣ್ಣು ಅಲ್ಲ. ವಿಡಿಯೋ ಬಿಡಿ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಇಪ್ಪತ್ತು ನಿಮಿಷ ಚದುರಂಗದ ಪಜಲ್ ಬಿಡಿಸಿ, ಲಿಚೆಸ್ ಎಂಬ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತವೆ. ವಾರಕ್ಕೆ ಎರಡು ಆಟ ಸಾಕು, ಆದರೆ ಅರ್ಧ ಗಂಟೆಯವು, ನಡೆಗಳನ್ನು ಬರೆದುಕೊಂಡು. ಸೋತ ಆಟವನ್ನು ಮರುದಿನ ಮಣೆ ಮೇಲೆ ನೀವೇ ಮತ್ತೆ ಆಡಿ ನೋಡಿ, ಕಂಪ್ಯೂಟರ್ ಕೇಳುವುದು ಆಮೇಲೆ.

ಮಣೆ ಮೇಲೆ ಕಾಯಿ ಕಡಿಮೆಯಾದ ಮೇಲಿನ ಕೊನೆ ಆಟ ಮಾತ್ರ ಕಲಿಯಲೇಬೇಕು. ಎರಡು ರಾಜರು ಎದುರುಬದುರು, ನಡುವೆ ಒಂದು ಖಾಲಿ ಮನೆ ಅಂದುಕೊಳ್ಳಿ. ಇಬ್ಬರೂ ಮುಂದೆ ಬರುವ ಹಾಗಿಲ್ಲ. ಈಗ ನಡೆ ಯಾರದೋ ಅವನೇ ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ಇಕ್ಕಟ್ಟಿನ ಗಲ್ಲಿಯಲ್ಲಿ ಎರಡು ಆಟೋ ಎದುರಾದ ಹಾಗೆ. ಇದೊಂದು ಗೊತ್ತಾದ ಮೇಲೆ ನಾನು ಡ್ರಾ ಅಂತ ಕೈ ಕುಲುಕುತ್ತಿದ್ದ ಎಷ್ಟೋ ಆಟ ಗೆದ್ದೆ.

ಇನ್ನೊಂದು, ಕ್ಯಾಸ್ಲಿಂಗ್ ಮಾಡಿ ಮೂರು ಪದಾತಿಗಳ ಹಿಂದೆ ರಾಜನನ್ನು ಕೂರಿಸಿದಾಗ ಒಂದು ಪದಾತಿಯನ್ನು ಒಂದು ಮನೆ ಮುಂದೆ ತಳ್ಳಿಟ್ಟಿರಿ. ಇಲ್ಲದಿದ್ದರೆ ಎದುರಾಳಿಯ ಆನೆ ಕೊನೇ ಸಾಲಿಗೆ ಬಂತೆಂದರೆ ರಾಜನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ, ಅಲ್ಲೇ ಮೇಟ್, ಆಟ ಮುಗಿಯಿತು. ಓಬವ್ವನ ಕಿಂಡಿಯಲ್ಲಿ ವೈರಿ ನುಗ್ಗಿದ್ದ, ಇಲ್ಲಿ ಕಿಂಡಿ ಇಲ್ಲದ್ದೇ ತಾಪತ್ರಯ. ದುರ್ಗದವನಾಗಿ ಇದನ್ನು ಕಲಿಯಲು ನಾನು ಎಷ್ಟು ಆಟ ಸೋತೆ ಎಂದು ಹೇಳುವುದಿಲ್ಲ.

ರೇಟಿಂಗ್ ಬೇಕೆಂದರೆ ರೇಟಿಂಗ್ ಇದ್ದವರ ಎದುರು ಕನಿಷ್ಠ 5 ಆಟ ಬೇಕು. 2024ರಿಂದ 1400 ಅಂಕದ ಕೆಳಗಿನವರಿಗೆ ಫಿಡೆ ಪಟ್ಟಿಯಲ್ಲಿ ಜಾಗ ಇಲ್ಲ, ಹಾಗಾಗಿ ಅವಸರ ಬೇಡ. 50 ದಾಟಿದವರಿಗೆ ಹಿರಿಯರ ವಿಭಾಗ ಬೇರೆ ಇದೆ, ನಿಮಗೆ ಇನ್ನೂ ಮೂರು ವರ್ಷ ಇದೆ.

ಆ ಹುಡುಗ ಮತ್ತೆ ಸಿಕ್ಕರೆ ತಪ್ಪಿಸಿಕೊಂಡು ಹೋಗಬೇಡಿ. ಆಟ ಮುಗಿದ ಮೇಲೆ, ಎಲ್ಲಿ ತಪ್ಪಿದೆನಪ್ಪಾ ಎಂದು ಅವನನ್ನೇ ಕೇಳಿ. ನಾವು ದೊಡ್ಡವರು ಸುಮ್ನೆ ಚೆನ್ನಾಗಿ ಆಡಿದಿರಿ ಎನ್ನುತ್ತೇವೆ. ಮಕ್ಕಳು ಮುಲಾಜಿಲ್ಲದೆ ಹೇಳಿಬಿಡುತ್ತಾರೆ.