ಘೋಷಣೆಯ ಮೇಲೆ ನನಗೆ ಸಿಟ್ಟಿಲ್ಲ

(ಪತ್ರದ ಸಾರ: ಘೋಷಣೆ, ಗಾದೆಯಂಥ ಸಿದ್ಧ ಮಾತುಗಳು ಚರ್ಚೆಯ ಬಾಯಿ ಮುಚ್ಚಿಸುತ್ತವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಓದುಗರೊಬ್ಬರು ಆಕ್ಷೇಪಿಸಿದ್ದಾರೆ. "ಘೋಷಣೆ ಇಲ್ಲದೆ ಯಾವ ಹೋರಾಟ ಗೆದ್ದಿದೆ? ದಿನವಿಡೀ ದುಡಿಯುವವರಿಗೆ ಉದ್ದುದ್ದ ವಾದ ಓದಲು ಪುರುಸೊತ್ತೆಲ್ಲಿದೆ? ಚಿಕ್ಕ ಮಾತೇ ಅವರ ಬಲ. ಅದನ್ನೂ ಕಿತ್ತುಕೊಂಡರೆ ಚರ್ಚೆ ಓದಿದವರ ಸೊತ್ತಾಗುತ್ತದೆ" ಎನ್ನುವುದು ಅವರ ವಾದ. ಮನೆಯಲ್ಲಿ, ಕಚೇರಿಯಲ್ಲಿ ಇಂಥ ಮಾತು ಎದುರಾದರೆ ಏನು ಮಾಡಬೇಕು ಎಂದೂ ಕೇಳಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ.)

ಮಾನ್ಯರೇ,

ನಿಮ್ಮದು ಜಗಳಕ್ಕೆ ಬಂದ ಪತ್ರ. ಅದಕ್ಕೇ ಇಷ್ಟವಾಯಿತು. ಹೊಗಳಿ ಬರೆದವರಿಗೆ ಧನ್ಯವಾದ ಹೇಳಿದರೆ ಮುಗಿಯಿತು, ನಿಮ್ಮ ಜೊತೆ ಸ್ವಲ್ಪ ಕೂತು ಮಾತಾಡಬೇಕು.

ಹೋರಾಟಗಳ ಬಗ್ಗೆ ನೀವು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ನಿಮ್ಮ ವಾದಕ್ಕೆ ಸಾಕ್ಷಿಯಾಗಿ ನಾನೇ ಒಂದು ಘೋಷಣೆ ಕೊಡುತ್ತೇನೆ. "ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿಶ್ರಾಂತಿ, ಎಂಟು ಗಂಟೆ ನಮ್ಮಿಷ್ಟಕ್ಕೆ." 19ನೇ ಶತಮಾನದ ಕಾರ್ಮಿಕರು ಊರೂರಲ್ಲಿ ಕೂಗಿದ ಮಾತಿದು. 1856ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಲ್ಲು ಕೆಲಸದವರು ಕೆಲಸ ಬಿಟ್ಟು ಬೀದಿಗಿಳಿದರು. ಕೂಲಿ ಕಡಿಮೆಯಾಗದಂತೆ ಎಂಟು ಗಂಟೆಯ ದಿನವನ್ನು ಗಿಟ್ಟಿಸಿಕೊಂಡರು. 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮೊಟ್ಟಮೊದಲ ಒಪ್ಪಂದವೇ ಕೈಗಾರಿಕೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು ಹೇಳಿತು.

ಆದರೆ ಆ ಘೋಷಣೆಯ ಒಳಗೆ ಏನಿದೆ ನೋಡಿ. ಅದರಲ್ಲಿ ಲೆಕ್ಕ ಇದೆ. ಎಂಟು ಮೂರಲ ಇಪ್ಪತ್ತನಾಲ್ಕು. ಮಾಲೀಕ ಬೇಕಿದ್ದರೆ ಎದುರು ವಾದ ಹೂಡಬಹುದು: ಎಂಟೇ ಯಾಕೆ, ಹತ್ತು ಯಾಕಾಗಬಾರದು, ಉತ್ಪಾದನೆ ಕುಸಿದರೆ ಹೊಣೆ ಯಾರು? ಆ ವಾದಗಳೆಲ್ಲ ನಡೆದವು, ವರ್ಷಗಟ್ಟಲೆ. ಅಂದರೆ ಘೋಷಣೆಯಿಂದಲೇ ಚರ್ಚೆ ಶುರುವಾಯಿತು. ಯಾರೂ ಎತ್ತದಿದ್ದ ಪ್ರಶ್ನೆಯನ್ನು ಅದು ನಡುಬೀದಿಯಲ್ಲಿ ತಂದಿಟ್ಟಿತು.

ಈಗ ಇನ್ನೊಂದು ಮಾತು. "ಬೇರೆ ದಾರಿಯೇ ಇಲ್ಲ." ಬ್ರಿಟನ್‌ನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ತಮ್ಮ ಆರ್ಥಿಕ ನೀತಿಯ ಬಗ್ಗೆ ಇದನ್ನು ಎಷ್ಟು ಸಲ ಹೇಳಿದರೆಂದರೆ, ಆ ಇಂಗ್ಲಿಷ್ ವಾಕ್ಯದ (There is no alternative) ಮೊದಲಕ್ಷರಗಳನ್ನು ಸೇರಿಸಿ ಜನ ಅದನ್ನು 'ಟೀನಾ' ಅಂತಲೇ ಕರೆದರು. ಅವರ ನೀತಿ ಸರಿಯೋ ತಪ್ಪೋ ಅನ್ನೋದು ಬೇರೆ ವಿಷಯ, ಅದಕ್ಕೆ ನಾನು ಕೈ ಹಾಕುವುದಿಲ್ಲ. ನೀತಿ ಸರಿಯೇ ಇದ್ದರೂ ಈ ವಾಕ್ಯ ಅದಕ್ಕೆ ಪುರಾವೆ ಆಗುವುದಿಲ್ಲ, ಅಲ್ವಾ? ಬೇರೆ ದಾರಿಗಳು ಯಾವುವು, ಅವು ಯಾಕೆ ಆಗಿಬರುವುದಿಲ್ಲ ಎಂದು ವಿವರಿಸಬೇಕಾದ ಜಾಗದಲ್ಲಿ ಅದು ಬಂದು ಕೂತಿದೆ.

ನನ್ನ ತಕರಾರು ಇಷ್ಟೇ. ಮಾತು ಚಿಕ್ಕದಾಗಿದೆ ಅಂತಲ್ಲ, ಬಾಯಿಪಾಠ ಆಗಿದೆ ಅಂತಲೂ ಅಲ್ಲ. ಅದು ಎಲ್ಲಿ ಬಂದು ನಿಂತಿದೆ ಅನ್ನೋದು ಮುಖ್ಯ. ಪ್ರಶ್ನೆಗೆ ಮೊದಲು ಬಂದರೆ ಅದು ಬೇಡಿಕೆ. ಯಾರೋ ಪ್ರಶ್ನೆ ಕೇಳಿದ ಮೇಲೆ, ಉತ್ತರ ಕೊಡಬೇಕಾದ ಕಡೆ ಬಂದರೆ ಅದು ಬೀಗ.

ಈ ಬೀಗಕ್ಕೆ ಮೊದಲು ಹೆಸರಿಟ್ಟವರು ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್. ಚೀನಾದಲ್ಲಿ 'ವಿಚಾರ ಸುಧಾರಣೆ'ಗೆ, ಅಂದರೆ ಜನರ ನಂಬಿಕೆಗಳನ್ನು ಒತ್ತಾಯದಿಂದ ಬದಲಿಸುವ ಕಮ್ಯುನಿಸ್ಟ್ ಸರ್ಕಾರದ ಕ್ರಮಕ್ಕೆ, ಒಳಗಾಗಿ ಹೊರಬಂದವರನ್ನು ಅವರು 1950ರ ದಶಕದಲ್ಲಿ ಹಾಂಗ್‌ಕಾಂಗ್‌ನಲ್ಲಿ ಮಾತಾಡಿಸಿದರು. 1961ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. ಎಷ್ಟೇ ತೊಡಕಿನ ಮಾನವ ಸಮಸ್ಯೆಯನ್ನೂ ಅಲ್ಲಿ ನಾಲ್ಕು ಪದದ, ನೆನಪಿಡಲು ಸುಲಭವಾದ ಒಂದು ತೀರ್ಪಿಗೆ ಇಳಿಸಲಾಗುತ್ತಿತ್ತು, ವಿಚಾರ ಶುರುವಾಗುವುದೂ ಮುಗಿಯುವುದೂ ಆ ಪದಗಳಲ್ಲೇ ಆಗಿತ್ತು ಎಂದು ಅವರು ಗುರುತಿಸಿದರು. ಯೋಚನೆಯನ್ನು ನಿಲ್ಲಿಸುವ ಸವಕಲು ಮಾತು ಎನ್ನುವ ಅರ್ಥದ ಹೆಸರನ್ನೇ ಅದಕ್ಕೆ ಕೊಟ್ಟರು.

ಇದನ್ನು ಓದಿದವರು "ಓ, ಇದು ಸರ್ವಾಧಿಕಾರಿಗಳ ದೇಶದ ಕಥೆ" ಎಂದು ಪುಟ ತಿರುಗಿಸಿಬಿಡುತ್ತಾರೆ. ಅದಕ್ಕೇ ನಾನು ಒಂದು ಸಾಮಾನ್ಯ ಮೀಟಿಂಗ್ ಬಗ್ಗೆ ಹೇಳಬೇಕು.

1986ರ ಜನವರಿ 27ರ ರಾತ್ರಿ. ಮರುದಿನ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ಅದರ ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಯೊಕಾಲ್ ಕಂಪನಿಯ ಎಂಜಿನಿಯರುಗಳು ಫೋನಿನಲ್ಲಿ ನಾಸಾದವರ ಜೊತೆ ವಾದಕ್ಕೆ ಕೂತಿದ್ದಾರೆ. ಚಳಿ ಜಾಸ್ತಿ ಇದೆ, ರಾಕೆಟ್ಟಿನ ಭಾಗಗಳು ಕೂಡುವ ಕಡೆ ಹಾಕಿರುವ ರಬ್ಬರ್ ಉಂಗುರಗಳು ಚಳಿಗೆ ಪೆಡಸಾಗುತ್ತವೆ, ಬಿಸಿ ಅನಿಲ ಸೋರಬಹುದು, ಹಾರಿಸಬೇಡಿ ಎನ್ನುವುದು ಅವರ ಮಾತು. ಅಲ್ಲಿಯವರೆಗಿನ ಅತಿ ಚಳಿಯ ಉಡಾವಣೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಗಿತ್ತು. ಅದಕ್ಕಿಂತ ಕೆಳಗೆ ಬೇಡ ಎಂದರು. ನಾಸಾದವರಿಗೆ ಇದು ಹಿಡಿಸಲಿಲ್ಲ. ಕಂಪನಿಯವರು ಸ್ವಲ್ಪ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತೇವೆ ಎಂದು ಫೋನ್ ಮ್ಯೂಟ್ ಮಾಡಿದರು.

ಆಗ ಹಿರಿಯ ಅಧಿಕಾರಿ ಜೆರಿ ಮೇಸನ್, ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಬಾಬ್ ಲಂಡ್ ಅವರಿಗೆ ಒಂದು ಮಾತು ಹೇಳಿದರು: ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ. ಲಂಡ್ ಒಪ್ಪಿಬಿಟ್ಟರು. ಕಂಪನಿಯ ಸಲಹೆ ಬದಲಾಯಿತು. ಮರುದಿನ ಸುಮಾರು 2 ಡಿಗ್ರಿಯಲ್ಲಿ ಚಾಲೆಂಜರ್ ಮೇಲೆದ್ದಿತು. 73 ಸೆಕೆಂಡಿಗೆ ಸಿಡಿದು ಚೂರಾಯಿತು. ಒಳಗಿದ್ದ ಏಳೂ ಜನ ಸತ್ತರು.

ಆ ಟೋಪಿ ಮಾತಿನಲ್ಲಿ ಸುಳ್ಳು ಏನಾದರೂ ಇದೆಯೇ? ಇಲ್ಲ. ಬೈಗುಳ, ಬೆದರಿಕೆ? ಅದೂ ಇಲ್ಲ. ಎಷ್ಟೋ ಕಚೇರಿಗಳಲ್ಲಿ ದಿನಾ ಕೇಳುವ, ಸ್ವಲ್ಪ ತಮಾಷೆಯ ಮಾತು. ಆ ಹೊತ್ತಿಗೆ ರಬ್ಬರಿನ ಬಗ್ಗೆ ಹೊಸದೊಂದು ಅಂಕಿ ಬಂದಿರಲಿಲ್ಲ, ಹೊಸ ಪರೀಕ್ಷೆ ನಡೆದಿರಲಿಲ್ಲ. "ಈ ಚಳಿಗೆ ಉಂಗುರ ತಡೆಯುತ್ತದೆಯೇ?" ಎನ್ನುವ ಪ್ರಶ್ನೆ ಮೇಜಿನ ಮೇಲೆ ಹಾಗೇ ಇತ್ತು. ಆ ಪ್ರಶ್ನೆ ಕೇಳುವುದು ನಿನ್ನ ಈಗಿನ ಕೆಲಸವಲ್ಲ ಎಂದು ಟೋಪಿ ಹೇಳಿತು, ಅಷ್ಟೇ. ಅಲ್ಲಿದ್ದವರೆಲ್ಲ ಚೆನ್ನಾಗಿ ಓದಿದವರೇ. ಹಾಗಾಗಿ ಸಿದ್ಧ ಮಾತಿಗೆ ಮರುಳಾಗುವುದು ಓದಿಲ್ಲದವರು ಎಂದು ನಾನು ಬರೆದೆ ಅಂತ ದಯವಿಟ್ಟು ತಿಳಿಯಬೇಡಿ.

ಇಂಥ ಮಾತು ಅಷ್ಟು ಸಲೀಸಾಗಿ ಒಳಗಿಳಿಯುವುದು ಯಾಕೆ? ಒಂದು ಕಾರಣ, ಸುಮ್ನೆ ಮತ್ತೆ ಮತ್ತೆ ಕೇಳುವುದು. ಅಮೆರಿಕದ ಮೂವರು ಮನೋವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮರುಕಳಿಸಿದ ಹೇಳಿಕೆಗಳನ್ನು ಜನ ಹೊಸ ಹೇಳಿಕೆಗಳಿಗಿಂತ ಹೆಚ್ಚು ನಿಜ ಎಂದು ನಂಬಿದರು. ಇನ್ನೊಂದು ಕಾರಣ ಪ್ರಾಸ. 2000ದಲ್ಲಿ ಬಂದ ಒಂದು ಅಧ್ಯಯನದಲ್ಲಿ, ಒಂದೇ ಅರ್ಥದ ನುಡಿಯನ್ನು ಪ್ರಾಸ ಇಟ್ಟು, ಪ್ರಾಸ ತೆಗೆದು ಬೇರೆ ಬೇರೆಯವರಿಗೆ ತೋರಿಸಿದರು. ಪ್ರಾಸ ಇದ್ದದ್ದೇ ಹೆಚ್ಚು ಸರಿ ಎಂದು ಜನರಿಗೆ ಅನಿಸಿತು. "ತಾಳಿದವನು ಬಾಳಿಯಾನು" ಎನ್ನುವುದರಲ್ಲಿ ಪ್ರಾಸ ತೆಗೆದು "ಸಹಿಸಿಕೊಂಡವನು ಬದುಕುತ್ತಾನೆ" ಎಂದು ಹೇಳಿ ನೋಡಿ. ತಕ್ಷಣ "ಯಾವಾಗಲೂ ಹಾಗೇನಿಲ್ಲವಲ್ಲ" ಎಂದು ಬಾಯಿಗೆ ಬರುತ್ತದೆ. ಆ ಅಧ್ಯಯನದ ಇನ್ನೊಂದು ಭಾಗ ನನಗೆ ಇನ್ನೂ ಇಷ್ಟ. ಮಾತಿನ ಚೆಂದ ಬೇರೆ, ಅದು ಹೇಳುವ ವಿಷಯ ಬೇರೆ ಎಂದು ಮೊದಲೇ ಎಚ್ಚರಿಸಿದರೆ ಪ್ರಾಸದ ಮೋಡಿ ಇಳಿಯಿತು. ಅಷ್ಟು ಚಿಕ್ಕ ಎಚ್ಚರಿಕೆ ಸಾಕಾಯಿತು.

ಅಂದಹಾಗೆ, ಗಾದೆಗಳ ರಕ್ಷಣೆಗೂ ನಮ್ಮಲ್ಲಿ ಒಂದು ಗಾದೆ ಇದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ! ಮಾಡಿದವನು ಬಲು ಜಾಣ.

ಹಾಗಂತ ಎಲ್ಲ ಮಾತನ್ನೂ ಚರ್ಚೆಗೆ ಎಳೆಯಬೇಕೆಂದು ನಾನು ಹೇಳುತ್ತಿಲ್ಲ. ಮಗನನ್ನು ಕಳೆದುಕೊಂಡ ತಾಯಿ "ಹಣೆಬರಹ" ಎಂದು ಉಸಿರು ಬಿಟ್ಟರೆ ಅಲ್ಲಿ ತರ್ಕ ಬಿಚ್ಚುವವನು ಮನುಷ್ಯನೇ ಅಲ್ಲ. ಆಕೆಗೆ ಅದು ಊರುಗೋಲು. ಅದೇ ಪದವನ್ನು ಸೇತುವೆ ಕುಸಿದ ಮೇಲೆ ಅದನ್ನು ಕಟ್ಟಿಸಿದವರು ಹೇಳಿದರೆ? ಆಗ ಕೇಳಲೇಬೇಕು. ಯಾರು ಯಾರಿಗೆ ಹೇಳುತ್ತಿದ್ದಾರೆ, ಸುಮ್ಮನಾದರೆ ಯಾರಿಗೆ ಲಾಭ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ನನಗೆ ಈಚೆಗೆ ಹೆಚ್ಚು ಕಿರಿಕಿರಿ ಮಾಡುವುದು ಮಾತ್ರ ಬುದ್ಧಿವಂತರ ಬೀಗಗಳು. "ಇದು ತರ್ಕದೋಷ", "ನೀವೇ ಸಂಶೋಧನೆ ಮಾಡಿ ನೋಡಿ", "ಇದೆಲ್ಲ ಪಿತೂರಿ ಕಥೆ", "ಅವರವರ ಅಭಿಪ್ರಾಯ ಅವರವರಿಗೆ". ದೋಷ ಎಲ್ಲಿದೆ ಎಂದು ತೋರಿಸದೆ ದೋಷದ ಹೆಸರು ಹೇಳಿ ಎದ್ದು ಹೋಗುವುದು. ಈ ಉತ್ತರ ಓದಿದ ಯಾರಾದರೂ ನಾಳೆ ಎದುರಿನವರಿಗೆ "ನಿಮ್ಮದು ಬರೀ ಸಿದ್ಧ ಮಾತು" ಎಂದು ಹೇಳಿ ವಾದ ಗೆದ್ದೆ ಎಂದುಕೊಂಡರೆ, ಅವರೂ ಬೀಗವನ್ನೇ ಹಾಕಿದ ಹಾಗಾಯಿತು.

ಹಾಗಾದರೆ ಮಾಡುವುದೇನು? ಮನೆಯಲ್ಲಾದರೆ ಜಾಸ್ತಿ ಕಷ್ಟವಿಲ್ಲ. ಹಿರಿಯರು "ಮೊದಲಿಂದ ಹೀಗೇ ನಡೆದುಬಂದಿದೆ" ಎಂದರೆ ಅದನ್ನು ಖಂಡಿಸಲು ಹೋಗಬೇಡಿ. "ಯಾಕೆ ಹಾಗೆ ಶುರುವಾಯ್ತು ಅಂತ ಗೊತ್ತಾ?" ಎಂದು ನಿಜವಾದ ಕುತೂಹಲದಿಂದ ಕೇಳಿ. ಒಮ್ಮೊಮ್ಮೆ ಒಳ್ಳೆಯ ಕಾರಣವೇ ಸಿಗುತ್ತದೆ, ಆಗ ಒಪ್ಪಿಕೊಳ್ಳಿ. ವಾದ ಬಿಸಿಯಾಗಿದ್ದರೆ "ಏನು ತೋರಿಸಿದರೆ ನೀವು ಮನಸ್ಸು ಬದಲಾಯಿಸ್ತೀರಿ?" ಎಂದು ಕೇಳಬಹುದು. ಆದರೆ ಅದೇ ಪ್ರಶ್ನೆ ವಾಪಸ್ ಬರುತ್ತದೆ, ನಿಮ್ಮ ಉತ್ತರ ತಯಾರಿರಲಿ.

ಕಚೇರಿ ಬೇರೆ. ಅಲ್ಲಿ ಹೊಟ್ಟೆಪಾಡು ಇದೆ. ಎಲ್ಲರೆದುರು ಮೇಲಧಿಕಾರಿಯ ಮಾತಿಗೆ ಅಡ್ಡ ಬನ್ನಿ ಎಂದು ದೂರದಲ್ಲಿ ಕೂತು ಹೇಳುವುದು ನನಗೆ ಸುಲಭ, ಹೇಳುವುದಿಲ್ಲ. ಪ್ರಶ್ನೆಯನ್ನು ಬರೆದಿಡಿ ಎಂದು ಮಾತ್ರ ಹೇಳುತ್ತೇನೆ. ತಾರೀಖು ಹಾಕಿ, ಎರಡು ಸಾಲಾದರೂ ಸರಿ, ಸಂಬಂಧಪಟ್ಟವರಿಗೆ ಕಳಿಸಿ. ಥಯೊಕಾಲ್‌ನ ಎಂಜಿನಿಯರ್ ರೋಜರ್ ಬೋಜೊಲಿ ಆ ರಾತ್ರಿ ವಾದಿಸಿ ಸೋತವರಲ್ಲಿ ಒಬ್ಬರು. ಅದಕ್ಕೂ ಆರು ತಿಂಗಳು ಮೊದಲೇ, 1985ರ ಜುಲೈಯಲ್ಲಿ, ಈ ಉಂಗುರಗಳ ಸಮಸ್ಯೆ ಬಗೆಹರಿಸದಿದ್ದರೆ ಜೀವಹಾನಿ ಆಗಬಹುದು ಎಂದು ಅವರು ಕಂಪನಿಯ ಮೇಲಿನವರಿಗೆ ಬರೆದಿದ್ದರು. ಆ ಟಿಪ್ಪಣಿ ಯಾರನ್ನೂ ಉಳಿಸಲಿಲ್ಲ. ಆದರೆ ಮುಂದೆ ಅಮೆರಿಕದ ಅಧ್ಯಕ್ಷರು ನೇಮಿಸಿದ ತನಿಖಾ ಆಯೋಗದ ಕೈಗೆ ಅದು ಹೋಯಿತು. "ಇಂಥದ್ದು ಆಗಬಹುದು ಅಂತ ಯಾರಿಗೂ ಗೊತ್ತಿರಲಿಲ್ಲ" ಎಂದು ಆಮೇಲೆ ಯಾರೂ ಕೈತೊಳೆದುಕೊಳ್ಳುವ ಹಾಗಿರಲಿಲ್ಲ.

— ಸಂಪಾದಕ